ಕಲಿಯದ ಪದ್ಮವ್ವ

ಪದ್ಮವ್ವನ ಪಾಟಿಯ ಮೇಲೆ ಈ ಸಲವೂ ಸೊಟ್ಟ ಗೆರೆಯೊಂದೇ ಮೂಡಿತು. ಅನುದಾನ ಹಂಚುವ ಐಶ್ವರ್ಯಾ ಬೈಲಹೊಂಗಲದಿಂದ ಪರೀಕ್ಷಿಸಲು ಬಂದಿದ್ದಳು. ಈ ವರ್ಷ ಹಣ ಕಡಿಮೆ. ಉಳಿದವರೆಲ್ಲ ಕಲಿತಾಗಿತ್ತು, ಪದ್ಮವ್ವನೂ ಕಲಿತಿದ್ದರೆ ದೊಡವಾಡದ ಈ ವಯಸ್ಕರ ಶಾಲೆಗೆ ಬೀಗವೇ.

"ಹೆಸರರೇ ಬರೀರಿ, ಆಯಿ."

"ತಲ್ಯಾಗ ಹೋಗವಲ್ತರಿ, ಬಾಯಾರ. ಇಲ್ಲಿ ನಾಕ್ ಮಂದಿ ಮಾತಾಡಸ್ತಾರ. ಮನ್ಯಾಗ ಗ್ವಾಡಿ ಕೂಡ ಎಷ್ಟಂತ ಮಾತಾಡ್ಲಿ?"

ಐಶ್ವರ್ಯಾಳಿಗೆ ತಾನೊಬ್ಬಳೇ ಇರುವ ಬಾಡಿಗೆ ಖೋಲಿ ನೆನಪಾಯಿತು.

ಹೊರಗೆ ಬಸ್ಸು ಬಂದು ನಿಂತಿತು. ಅವಳು ಚೀಲ ಹಿಡಿದು ಎದ್ದಳು. ಪದ್ಮವ್ವ ಕಿಟಕಿಯಿಂದ ಬಸ್ಸಿನ ಬೋರ್ಡಿನ ಮೇಲೆ ಕಣ್ಣಾಡಿಸಿ, "ಹತ್ತಬ್ಯಾಡ್ರೀ, ಅದು ಧಾರವಾಡದ್ದು!" ಎಂದುಬಿಟ್ಟಳು. ಕಥೆಯ ಬಣ್ಣದ ನರಿ ಊಳಿಟ್ಟು ಸಿಕ್ಕಿಬಿದ್ದಂತಾಯಿತು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಐಶ್ವರ್ಯಾ ಮತ್ತೆ ಕುಳಿತಳು.

"ನೀವು ಭಾಳ ದಡ್ಡ ಅದೀರಿ, ಆಯಿ. ಇನ್ನೊಂದ್ ವರ್ಷ ಸಾಲಿಗಿ ಬರ್ರಿ."