ಬೋಣಿಯ ಕಿವಿ

ಬೀದಿಯಲ್ಲಿ ಕೂತು ಕಿವಿಯ ಕೊಳೆ ತೆಗೆಯುವ ಇಸ್ರಾರ್ ಮಿಯಾ, ಹೊಸದಾಗಿ ತಂದ ಕಡ್ಡಿಯಂಥ ಕಿವಿ-ಕ್ಯಾಮೆರಾದ ವೈರನ್ನು ಮೊಬೈಲಿನ ತಳಕ್ಕೆ ಚುಚ್ಚಿದ. ಏನೂ ಆಗಲಿಲ್ಲ. ಹೊರಗೆಳೆದು, ಪಿನ್ನಿಗೆ ಉಫ್ ಎಂದು ಊದಿ ಮತ್ತೆ ಚುಚ್ಚಿದ. ಈ ಸಾರಿ ಮೊಬೈಲು ಟುಣ್ ಎಂದು ಸದ್ದು ಮಾಡಿ, ಬಂದವರನ್ನು ಒಳಗೆ ಬಿಡಲೋ ಬೇಡವೋ ಎಂದು ಕೇಳಿತು. ಬಿಡು ಎಂದು ಒತ್ತಿದ. ಪರದೆಯ ಮೇಲೆ ಮೊದಲು ಎದುರಿನ ಜಾಮಾ ಮಸೀದಿಯ ಮೆಟ್ಟಿಲು, ಆಮೇಲೆ ಅವನದೇ ಹೆಬ್ಬೆರಳು ದೈತ್ಯಾಕಾರವಾಗಿ ಮೂಡಿತು.

"ಕೂತ್ಕೊಳ್ಳಿ ಮಾಸ್ಟರ್‌ಜೀ," ಎಂದ ಖುಷಿಯಿಂದ. "ಬೋಣಿ ನಿಮ್ಮ ಕಿವೀದೇ ಆಗ್ಬೇಕು ಅಂತ ಬೆಳಿಗ್ಗೆಯಿಂದ ಬಂದೋರನ್ನೆಲ್ಲ ಸಾಗಹಾಕಿದೀನಿ."

"ಇಷ್ಟು ದಿನ ಸೂಜಿ ಹಾಕ್ತಿದ್ದೆ. ಈಗ ಕರೆಂಟ್ ವೈರು ಬೇರೆ ಹಾಕ್ತೀಯಾ?" ಎನ್ನುತ್ತಲೇ ಬನ್ವಾರಿಲಾಲ್ ಸ್ಟೂಲಿನ ಮೇಲೆ ಕುಳಿತರು.

"ಯಾವ ಕರೆಂಟು? ಇದಕ್ಕೆ ಅನ್ನ ಹಾಕೋದು ಮೊಬೈಲೇ. ಸುಮ್ನೆ ಕೂತ್ಕೊಳ್ಳಿ!"

ಕೊನೆಯ ಮಾತನ್ನು ಎರಡು ಸಲ ಹೇಳಬೇಕಾಯಿತು. ಬನ್ವಾರಿಲಾಲರಿಗೆ ಒಂದು ವರ್ಷದಿಂದ ಕಿವಿ ಮಂದ. ಬೇರೆಯವರಿಗಾದರೆ ಹೇಗೋ ನಡೆಯುತ್ತಿತ್ತು, ಇವರದು ನಯೀ ಸಡಕ್‌ನ ಅಂಗಡಿಯೊಂದರಲ್ಲಿ ಹಾರ್ಮೋನಿಯಂಗೆ ಶ್ರುತಿ ಹಿಡಿಯುವ ಕೆಲಸ. ಪೆಟ್ಟಿಗೆಯೊಳಗೆ ನಾದ ಹೊರಡಿಸುವ ಹಿತ್ತಾಳೆಯ ರೀಡನ್ನು ಕೂದಲೆಳೆಯಷ್ಟು ಹೆಚ್ಚು ಕೆರೆದರೂ ಸ್ವರ ಕೈತಪ್ಪುತ್ತದೆ, ತಪ್ಪುತ್ತಲೂ ಇತ್ತು. ಅಂಗಡಿಯ ಮಾಲೀಕ ಸೇಠ್‌ಜೀ ರೇಗಿದಾಗಲೆಲ್ಲ ಇವರು ಇಸ್ರಾರನ ಹತ್ತಿರ ಬಂದು ಕಿವಿ ಶುಚಿ ಮಾಡಿಸಿಕೊಳ್ಳುತ್ತಿದ್ದರು. ಒಳಗಿನಿಂದ ಬಂದ ಪುಟ್ಟ ಕಲ್ಲನ್ನು ಕಾಗದದಲ್ಲಿ ಮಡಿಸಿ ಒಯ್ದು, "ನೋಡಿ, ಇದೇ ನನ್ನ ಶತ್ರು," ಎಂದು ಸೇಠ್‌ಜೀಯ ಮುಂದೆ ಇಡುತ್ತಿದ್ದರು. ಕಲ್ಲು ನೋಡಿದ ಸೇಠ್‌ಜೀ ಗೊಣಗಿಕೊಂಡು ಸುಮ್ಮನಾಗುತ್ತಿದ್ದರು.

ಕಲ್ಲು ಬರುತ್ತಿದ್ದದ್ದು ಇಸ್ರಾರನ ಬೆರಳ ಸಂದಿಯಿಂದ. ಅಪ್ಪ ಕಲಿಸಿದ ಕೈಚಳಕ ಅದು. ಕಲ್ಲು ಕಂಡ ಗಿರಾಕಿ ಬೆಚ್ಚಿಬಿದ್ದು ಕೇಳಿದಷ್ಟು ಕೊಡುತ್ತಾನೆ. ಮಾಸ್ಟರ್‌ಜೀಗೆ ಮೊದಲ ಸಲ ಮಾಡಿದ್ದು ಬರೀ ಅಭ್ಯಾಸಬಲದಿಂದ. ಆದರೆ ಕಲ್ಲು ಕಂಡಾಗ ಅವರ ಮುಖ ಅರಳಿದ ರೀತಿ ನೋಡಿ ಆಮೇಲೆ ಬಿಡಲಾಗಲಿಲ್ಲ. ಇವತ್ತು ಬೆಳಿಗ್ಗೆ ಮಾತ್ರ, ಕ್ಯಾಮೆರಾ ಬಂತಲ್ಲ, ಇನ್ನು ಇದ್ದದ್ದನ್ನು ಇದ್ದ ಹಾಗೆ ತೋರಿಸಿ ದುಡಿಯೋಣ ಎಂದು ಡಬ್ಬಿಯಲ್ಲಿದ್ದ ಕಲ್ಲನ್ನೆಲ್ಲ ಚರಂಡಿಗೆ ಸುರಿದು ಬಂದಿದ್ದ. ಒಳ್ಳೆಯವನಾಗುವ ಸಂಭ್ರಮದಲ್ಲಿ, ಬೋಣಿಗೆ ಆರಿಸಿಕೊಂಡದ್ದು ಯಾರ ಕಿವಿ ಎಂಬುದನ್ನೇ ಅವನು ಯೋಚಿಸಿರಲಿಲ್ಲ.

ದೀಪ ಹೊತ್ತಿದ ಕ್ಯಾಮೆರಾ ಮೆಲ್ಲಗೆ ಕಿವಿಯೊಳಗೆ ಇಳಿಯಿತು. ಪಕ್ಕದಲ್ಲಿ ಚಹಾ ಮಾರುವ ಫೂಲ್ವತಿ ಕೆಟಲ್ ಹಿಡಿದೇ ಪರದೆಯ ಮೇಲೆ ಬಗ್ಗಿದಳು.

"ಅಯ್ಯೋ, ಇದೇನು ಕಿವಿನೋ, ತೊಳೆದಿಟ್ಟ ಶಂಖಾನೋ? ಒಂದು ಚೂರು ಕಸ ಇಲ್ವಲ್ಲ ಮಾಸ್ಟರ್‌ಜೀ! ನಮ್ಮೆಜಮಾನರ ಕಿವಿ ನೋಡ್ಬೇಕು ನೀವು, ಬಿತ್ತನೆ ಮಾಡ್ಬಹುದು."

"ವೈರ್ ಲೂಸಾಗಿದೆ," ಎಂದು ಇಸ್ರಾರ್ ಅದನ್ನು ಕಿತ್ತೇಬಿಟ್ಟ. ಪರದೆ ಕಪ್ಪಾಯಿತು.

"ಚೆನ್ನಾಗೇ ಕಾಣ್ತಿತ್ತಲ್ಲೋ!" ಎಂದು ಹೇಳಿ ಫೂಲ್ವತಿ ತನ್ನ ಗಿರಾಕಿಗಳತ್ತ ಹೋದಳು. ಬನ್ವಾರಿಲಾಲ್ ಕನ್ನಡಕ ಹಾಕಿಕೊಂಡು ವೈರನ್ನು ತಾವೇ ತೆಗೆದುಕೊಂಡರು. ರೀಡು ಕೂರಿಸುವಷ್ಟೇ ನಾಜೂಕಾಗಿ ಅದನ್ನು ಮೊಬೈಲಿಗೆ ಸೇರಿಸಿ, ಕ್ಯಾಮೆರಾವನ್ನು ಕಿವಿಗೆ ಹಿಡಿದುಕೊಂಡು ಪರದೆ ನೋಡಿದರು. ತುಂಬ ಹೊತ್ತು ನೋಡಿದರು.

"ಹೋದ ಸಲದ ಕಲ್ಲು?" ಎಂದು ಕೇಳಿದರು.

ಇಸ್ರಾರ್ ಅವರ ಮೊಣಕಾಲು ಹಿಡಿದುಕೊಂಡ. "ಬೈದುಬಿಡಿ ಮಾಸ್ಟರ್‌ಜೀ. ಎಲ್ಲಾ ನನ್ನ ಕಲ್ಲೇ. ನಿಮ್ಮ ಕಿವೀಲಿ ಯಾವತ್ತೂ ಏನೂ ಇರ್ಲಿಲ್ಲ."

"ಅಂದ್ರೆ ಹೋಗಿರೋದು ಕಿವಿಯೇ."

ಅವರು ಬೈಯಲಿಲ್ಲ. ಕುರ್ತಾದ ಜೇಬಿನಿಂದ ರೀಡೊಂದನ್ನು ತೆಗೆದು, ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೀಟಿದರು. ಇನ್ನೊಂದು ಸಲ ಮೀಟಿದರು. ಇಸ್ರಾರನಿಗೆ ಅದು ಸ್ಪಷ್ಟವಾಗಿ ಕೇಳಿಸಿತು, ಕೇಳಿಸಿದ್ದಕ್ಕೆ ನಾಚಿಕೆಯಾಯಿತು. ಬನ್ವಾರಿಲಾಲ್ ರೀಡನ್ನು ಜೇಬಿಗೆ ಹಾಕಿಕೊಂಡರು.

"ಕಾನ್ಪುರದ ಪಾರ್ಟಿ ಶ್ರುತಿ ಸರಿಯಿಲ್ಲ ಅಂತ ಪೆಟ್ಟಿಗೆ ವಾಪಸ್ ಕಳ್ಸಿದೆ," ಎಂದರು. "ಇನ್ನೊಂದು ವಾಪಸ್ ಬಂದ್ರೆ ಮನೆಗೆ ಹೋಗ್ಬಹುದು ಅಂತ ಮೊದ್ಲೇ ಹೇಳಿದ್ರು ಸೇಠ್‌ಜೀ. ಕೈಕಾಲು ಹಿಡಿದು, ಕಲ್ಲು ತೆಗೆಸ್ಕೊಂಡು ಬರ್ತೀನಿ ಅಂತ ಹೇಳಿ ಬಂದಿದೀನಿ. ಅಂಗಡೀಲಿ ಕಾಯ್ತಾ ಕೂತಿದಾರೆ."

ಮೊಬೈಲಿನಿಂದ ವೈರನ್ನು ಬಿಡಿಸಿ, ಅಚ್ಚುಕಟ್ಟಾಗಿ ಸುತ್ತಿ ಇಸ್ರಾರನ ಕೈಗಿಟ್ಟರು. ಸ್ಟೂಲಿನ ಮೇಲೆ ತಿರುಗಿ ಕುಳಿತು ಇನ್ನೊಂದು ಕಿವಿಯನ್ನು ಅವನ ಕಡೆ ಮಾಡಿದರು.

"ಈ ಕಿವಿಗೆ ಮೊಬೈಲು ಬೇಡ. ಕೈಯಲ್ಲೇ ನೋಡು."

ಇಸ್ರಾರ್ ತಲೆಯ ಮೇಲಿನ ಕೆಂಪು ಟೊಪ್ಪಿಗೆಗೆ ಸಿಕ್ಕಿಸಿದ್ದ, ಕಿವಿ ಕೆದಕುವ ಸೂಜಿ ಎಳೆದ. ಎಡಗೈ ತಾನಾಗಿಯೇ ಜೇಬಿಗೆ ಹೋಯಿತು. ಡಬ್ಬಿ ಸಿಕ್ಕಿತು, ಖಾಲಿ.

"ಇದೆಯಾ?" ಕಣ್ಣು ಮುಚ್ಚಿಕೊಂಡೇ ಕೇಳಿದರು ಬನ್ವಾರಿಲಾಲ್.

"ಇದೆ ಮಾಸ್ಟರ್‌ಜೀ, ಇದೆ! ತುಂಬ ಒಳಗಿದೆ. ಅಲ್ಲಾಡ್ಬೇಡಿ," ಎಂದು ಇಸ್ರಾರ್ ಕೂಗಿ ಹೇಳಿದ. ಬಲಗೈಯ ಸೂಜಿ ಕಿವಿಯ ಬಾಗಿಲಲ್ಲಿ ನಿಂತಿತ್ತು. ಎಡಗೈ ಸ್ಟೂಲಿನ ಕೆಳಗಿನ ಧೂಳಿನಲ್ಲಿ ಒಂದು ಹರಳಿಗಾಗಿ ತಡಕಾಡುತ್ತಿತ್ತು.