ಹತ್ತರಿಂದ ಸೊನ್ನೆಗೆ

"ಲಿಫ್ಟ್ ಹತ್ತಲಿಲ್ಲ, ಅಲ್ವಾ?" ಬಾಗಿಲು ತೆರೆದವಳೇ ಚಿಕಿತ್ಸಕಿ ಕೇಳಿದಳು.

ಒಂಬತ್ತು ಮಹಡಿ ಮೆಟ್ಟಿಲೇರಿ ಬಂದಿದ್ದ ಮನುಷ್ಯ ಏದುಸಿರು ಬಿಡುತ್ತ ಹೌದೆಂದು ತಲೆಯಾಡಿಸಿದ. ಅವಳಿಗೆ ಅಷ್ಟೇ ಸಾಕಾಯಿತು. ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ರೋಗ ಹಿಡಿಯುವುದು ತನ್ನ ವಿಶೇಷ ಎಂದು ಅವಳು ನಂಬಿದ್ದಳು. ಹಾಗೆ ನಂಬಿದವಳು ಅವಳೊಬ್ಬಳೇ.

ಬೆರಳತುದಿಯಿಂದ ಹುಬ್ಬು, ಕೆನ್ನೆ, ಕೊರಳಮೂಳೆ ತಟ್ಟಿ ಮನಸ್ಸಿನ ಭಾರ ಇಳಿಸುವ ವಿದ್ಯೆಯನ್ನು ಎರಡು ಭಾನುವಾರಗಳಲ್ಲಿ ಕಲಿತಿದ್ದಳು. ಪ್ರಮಾಣಪತ್ರ ಕೈಗೆ ಬರಬೇಕಾದರೆ ಒಬ್ಬರ ಸಂಕಟವನ್ನಾದರೂ ಹತ್ತರಿಂದ ಸೊನ್ನೆಗೆ ಇಳಿಸಿ ವಿಡಿಯೋ ಕಳಿಸಬೇಕಿತ್ತು. ಇವತ್ತೇ ಕಡೆಯ ದಿನ. ಮೊದಲ ಇಬ್ಬರು ಆರಕ್ಕೆ ಬಂದು ಅಂಟಿಕೊಂಡಿದ್ದರು. ಮೂರನೆಯವಳು ಸ್ವಂತ ತಂಗಿ. "ನೀನು ಬಾಯಿ ಮುಚ್ಚಿದ್ರೆ ತಾನಾಗೇ ಇಳಿಯುತ್ತೆ ಕಣೇ ಅಕ್ಕ" ಎಂದು ಎದ್ದು ಹೋಗಿದ್ದಳು.

"ಎಷ್ಟಿದೆ ಸಂಕಟ?"

"ಹತ್ತು. ಕೆಳಗೆ ನಿಮ್ಮ ಬೋರ್ಡು ನೋಡಿ ಬಂದೆ. ಮೂರು ದಿನದಿಂದ ನಿದ್ದೆ ಇಲ್ಲ ಮೇಡಂ. ಕಣ್ಣು ಮುಚ್ಚಿದ್ರೆ ಈ ಲಿಫ್ಟಿನ ಹಗ್ಗವೇ ಕಾಣುತ್ತೆ. ಹರಿದುಕೊಂಡಿದೆ. ಹನ್ನೊಂದು ಎಳೆ."

"ಎಣಿಸಿಯೂ ಬಿಟ್ರಾ!" ನಕ್ಕು ಪುಸ್ತಕದಲ್ಲಿ ಬರೆದುಕೊಂಡಳು: ಅತಿಯಾದ ಕಲ್ಪನೆ.

"ಅಲ್ಲ ಮೇಡಂ, ನಾನು ಹೇಳ್ತಿರೋದು ಏನಂದ್ರೆ..."

"ವಿವರ ಬೇಡ. ವಿವರಕ್ಕೆ ಇಳಿದ್ರೆ ಸಂಜೆ ಆಗುತ್ತೆ. ಹುಬ್ಬು ತಟ್ಕೊಳ್ಳಿ. ಹೇಳಿ, ಹಗ್ಗ ಹರಿಯುತ್ತೆ ಅನ್ನಿಸಿದ್ರೂ ನನ್ನನ್ನ ನಾನು ಪೂರ್ತಿ ಒಪ್ಕೋತೀನಿ."

ಹೇಳಿದ. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು. ಪಾಪ, ಸೋಪಿಗೂ ಹೆದರುತ್ತಾನೇನೋ ಎಂದುಕೊಂಡಳು.

"ಒಳಗೆ ಮಕ್ಕಳಿದ್ರೆ ಮೇಡಂ?"

"ಯಾವ ಮಕ್ಕಳ್ರೀ? ಇಲ್ಲಿರೋದು ನಾವಿಬ್ಬರೇ. ಕೆನ್ನೆ ತಟ್ಕೊಳ್ಳಿ. ಹೇಳಿ, ಏನಾದ್ರೂ ಆದ್ರೆ ಅದು ನನ್ನ ತಪ್ಪಲ್ಲ."

ಅವನ ಬೆರಳು ನಿಂತಿತು. "ನನ್ನ ತಪ್ಪಲ್ವಾ?"

"ಖಂಡಿತ ಅಲ್ಲ. ಜೋರಾಗಿ ಹೇಳಿ."

ಜೋರಾಗಿ ಹೇಳಿದ. ಏಳಾಯಿತು, ನಾಲ್ಕಾಯಿತು. ಅಷ್ಟರಲ್ಲಿ ಅವನ ಫೋನು ಗುಂಯ್‌ಗುಟ್ಟಿತು. "ಈ ಕಟ್ಟಡದ ಮಾಲೀಕರು. ಕೆಳಗೆ ಕಾಯ್ತಿದ್ದಾರೆ."

"ಕಾಯಲಿ ಬಿಡಿ. ಎಲ್ಲಾ ಮಾಲೀಕರೂ ಕಾಯಿಸಿಕೊಳ್ಳೋಕೇ ಹುಟ್ಟಿರೋದು." ಬಿಗಿದುಕೊಂಡ ಕಿಟಕಿಯನ್ನು ಗುದ್ದುವವಳಂತೆ ಅವನ ಕೊರಳಮೂಳೆಯನ್ನು ತಾನೇ ತಟ್ಟತೊಡಗಿದಳು. "ನನ್ನ ತಪ್ಪಲ್ಲ. ನನ್ನ ತಪ್ಪಲ್ಲ. ಈಗ?"

ಅವನ ಮುಖ ಒರೆಸಿಟ್ಟ ತಟ್ಟೆಯಂತಾಗಿತ್ತು. "ಸೊನ್ನೆ."

"ಹಗ್ಗ ನೆನೆಸ್ಕೊಳ್ಳಿ."

"ಏನೂ ಅನ್ನಿಸಲ್ಲ ಮೇಡಂ."

ಗೆದ್ದಳು! ಅವನನ್ನು ಲಿಫ್ಟಿನವರೆಗೆ ಎಳೆದುಕೊಂಡೇ ಹೋದಳು. ತಾನು ಮೊದಲು ಒಳಹೊಕ್ಕು, ಬಾಗಿಲು ಮುಚ್ಚದಂತೆ ಗುಂಡಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನೆತ್ತಿ ವಿಡಿಯೋ ಶುರು ಮಾಡಿದಳು. "ಏನು ಮಾಡೋಕೆ ಇಷ್ಟು ದಿನ ಹೆದರ್ತಿದ್ರೋ, ಈಗ ನನ್ನೆದುರಿಗೇ ಮಾಡಿ."

ಅವನು ಚೀಲದಿಂದ ಒಂದು ಅಚ್ಚಾದ ಹಾಳೆ ತೆಗೆದು, ಗೋಡೆಗೊತ್ತಿ ಸಹಿ ಹಾಕಿದ. ಒಂದು ಕ್ಷಣವೂ ಯೋಚಿಸಲಿಲ್ಲ. ತನ್ನನ್ನು ಹೊಗಳಿ ನಾಲ್ಕು ಮಾತು ಬರೆದುಕೊಡುತ್ತಿದ್ದಾನೆ ಎಂದು ಅವಳು ಹಿಗ್ಗಿದಳು. ತೋಳನ್ನಷ್ಟೇ ಒಳಚಾಚಿ ಅದನ್ನವನು ಲಿಫ್ಟಿನ ಗೋಡೆಯ ಗಾಜಿನ ಚೌಕಟ್ಟಿಗೆ ತುರುಕಿದ. ಹತ್ತಿ ಇಳಿಯುವವರೆಲ್ಲ ಓದುತ್ತಾರೆ!

"ಬನ್ನಿ ಒಳಗೆ."

"ನೀವು ನಡೀರಿ ಮೇಡಂ. ನನ್ನ ಕೆಲಸ ಮುಗೀತು."

ಹೆದರುವಂಥದ್ದೇನೂ ಇಲ್ಲವೆಂದು ತೋರಿಸಲು ಅವಳು ಹಿಡಿದಿದ್ದ ಗುಂಡಿ ಬಿಟ್ಟು ನೆಲಮಹಡಿಯದನ್ನು ಒತ್ತಿದಳು. ಬಾಗಿಲು ಮುಚ್ಚಿತು. ಲಿಫ್ಟು ಒಮ್ಮೆ ಜಗ್ಗಿ ಇಳಿಯತೊಡಗಿತು. ಅವಳು ಕ್ಯಾಮೆರಾವನ್ನು ಹಾಳೆಯತ್ತ ತಿರುಗಿಸಿ ಗಟ್ಟಿಯಾಗಿ ಓದಿದಳು:

"ಹಗ್ಗವನ್ನು ಪರೀಕ್ಷಿಸಲಾಗಿದೆ. ಸುಸ್ಥಿತಿಯಲ್ಲಿದೆ. ಸಹಿ, ಲಿಫ್ಟ್ ತಪಾಸಣಾಧಿಕಾರಿ."