ಟೇಪು ಹಿಡಿದು ಪೇಪರ್ ಅಳೆದ ನೀಲವ್ವ

ಗದಗ ಕಡೆಯ ಒಂದು ತಾಲೂಕು ಊರು. ಅಲ್ಲಿಂದ ಹೊರಡುವ ನಾಲ್ಕು ಪುಟದ ದಿನಪತ್ರಿಕೆಯ ಸಂಪಾದಕರಿಗೆ ಒಂದು ದಿನ ಲೈಬ್ರರಿಯಿಂದ ಫೋನ್ ಬಂತು...

"ಸರ್, ಒಬ್ಬಾಕಿ ಅಜ್ಜಿ ನಿಮ್ಮ ಹಳೇ ಪೇಪರ್ ತಗದು, ಟೇಪ್ ಹಿಡದು ಅಳ್ಯಾಕತ್ತಾಳ್ರೀ! ಮೂರ ದಿನ ಆತು."

ಪೇಪರ್ ಓದುವವರನ್ನು ಕಂಡಿದ್ದರು. ಅದರಲ್ಲಿ ಮಿರ್ಚಿ ಕಟ್ಟುವವರನ್ನೂ ಕಂಡಿದ್ದರು. ಆದರೆ ಅಳೆಯುವವರು?!

ಎದುರಾಳಿ ಪತ್ರಿಕೆಯವರೇ ಕಳಿಸಿರಬೇಕು, ನಮ್ಮ ಜಾಹೀರಾತು ಎಷ್ಟಿದೆ ಅಂತ ನೋಡೋಕೆ... ಕುತೂಹಲ ತಡೆಯಲಾರದೆ ಬೈಕ್ ಹತ್ತಿದರು.

ನೋಡಿದರೆ, ಬಸ್ ಸ್ಟ್ಯಾಂಡ್ ಹತ್ತಿರ ಬಟ್ಟೆ ಹೊಲಿಯುವ ನೀಲವ್ವ!

"ಏನ್ ಅಳ್ಯಾಕತ್ತಿಯವ್ವಾ?"

"ಇದನ್ರೀ," ಎಂದು ಆಕೆ ಮುಖಪುಟ ತೋರಿಸಿದಳು. 'ಅಂಗನವಾಡಿ ಹಾಲಿನ ಪುಡಿ ಕದ್ದ ಕಸ್ತೂರಿ' ಎಂಬ ಸುದ್ದಿ, ಪಕ್ಕದಲ್ಲಿ ಫೋಟೋ. "ಒಂಬತ್ತ ಇಂಚು ಅಗಲ ಐತ್ರೀ."

ಸಂಪಾದಕರಿಗೆ ನೆನಪಾಯಿತು. ಕದ್ದದ್ದು ಬೇರೊಂದು ಅಂಗನವಾಡಿಯ ಕಸ್ತೂರಿ. ಗಡಿಬಿಡಿಯಲ್ಲಿ ಅಚ್ಚಾದ ಫೋಟೋ ಮಾತ್ರ ನೀಲವ್ವನ ಮಗಳದು. ಆಕೆಯ ಹೆಸರೂ ಕಸ್ತೂರಿ, ಆಕೆಯೂ ಅಂಗನವಾಡಿ ಟೀಚರ್...

"ಮರುದಿನಾನ ಸ್ಪಷ್ಟನೆ ಹಾಕೇವಲ್ಲವ್ವಾ... ರೂಲ್ಸ್ ಪ್ರಕಾರ."

ಆಕೆ ಮರುದಿನದ ಪತ್ರಿಕೆಯ ಮೂರನೇ ಪುಟ ತೆರೆದಳು. ಟೆಂಡರ್ ಪ್ರಕಟಣೆಯ ಕೆಳಗೆ ನಾಲ್ಕೇ ಸಾಲು.

"ಇದು ಒಂದೂವರಿ ಇಂಚು. ಗೇಣುದ್ದ ಹರದ ಅಂಗಿಗೆ ಎರಡ ಬೆರಳಿನ ತ್ಯಾಪಿ ಹಚ್ಚಿದ್ರ ಮೈ ಮುಚ್ಚತೈತೇನ್ರೀ ಸರ? ನನ್ನ ಮಗಳು ಮನಿ ಬಿಟ್ಟು ಹೊರಗ ಬರಲಾರದ ತಿಂಗಳಾತು... ಮಕ್ಕಳ ಮುಂದ ಹೆಂಗ ನಿಲ್ಲಲಿ ಅಂತಾಳ."



ಸಂಪಾದಕರು ಆಫೀಸಿಗೆ ಬಂದು ಪತ್ರಿಕಾ ನಿಯಮಗಳ ಪುಸ್ತಕ ತೆರೆದರು. ತಿದ್ದುಪಡಿಗೆ ತಕ್ಕ ಪ್ರಾಮುಖ್ಯ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿಯೇ ಇತ್ತು!

ಇಪ್ಪತ್ತು ವರ್ಷ ಜಾಹೀರಾತನ್ನು ಸೆಂಟಿಮೀಟರ್ ಬಿಡದೆ ಅಳೆದವರು... ಈ 'ತಕ್ಕ' ಅಂದರೆ ಎಷ್ಟು ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ತಮ್ಮ ಬಗ್ಗೆಯೇ ನಾಚಿಕೆಯಾಯಿತು.

ಮರುದಿನ ಮುಖಪುಟ. ಅದೇ ಜಾಗ, ಅದೇ ಅಳತೆ, ಅದೇ ಫೋಟೋ. ಮೇಲೆ ದಪ್ಪಕ್ಷರದಲ್ಲಿ...

'ಈ ಕಸ್ತೂರಿ ಕದ್ದಿಲ್ಲ. ತಪ್ಪು ನಮ್ಮದು. ಕ್ಷಮಿಸಿ.'

ಪತ್ರಿಕೆ ಕೊಡಲು ಸಂಪಾದಕರು ತಾವೇ ನೀಲವ್ವನ ಮನೆಗೆ ಹೋದರು. ಬಾಗಿಲಿಗೆ ಬೀಗ! ಪಕ್ಕದ ಮನೆಯಾಕೆಯನ್ನು ಕೇಳಿದರು.

"ಪೇಪರ್ ನೋಡಿದ್ದ ತಡ, ಕಸ್ತೂರಿ ಸೀರಿ ಉಟ್ಕೊಂಡು ಹೊಂಟಳ್ರೀ... ಅವ್ವನೂ ಕೂಡ ಹೋಗ್ಯಾಳ."

ಅಷ್ಟರಲ್ಲಿ ಓಣಿಯ ತುದಿಯ ಅಂಗನವಾಡಿಯಿಂದ ಪುಟ್ಟ ಮಕ್ಕಳ ಕೂಗು ಕೇಳಿಸಿತು...

"ಟೀಚರ್ ಬಂದ್ರು! ಟೀಚರ್ ಬಂದ್ರು!"

ಸಂಪಾದಕರು ನಡುಬೀದಿಯಲ್ಲೇ ನಿಂತು ಅತ್ತುಬಿಟ್ಟರು.

ತಪ್ಪನ್ನು ಎಷ್ಟು ಜೋರಾಗಿ ಮಾಡಿದ್ದೇವೋ, ಕ್ಷಮೆಯನ್ನೂ ಅಷ್ಟೇ ಜೋರಾಗಿ ಕೇಳಬೇಕು.

ಹತ್ತು ಜನರ ಮುಂದೆ ಯಾರನ್ನೋ ಬೈದು, ಆಮೇಲೆ ಒಬ್ಬರೇ ಸಿಕ್ಕಾಗ ಕಿವಿಯಲ್ಲಿ ಸಾರಿ ಹೇಳಿ ಬಂದಿದ್ದೀರಾ? ಒಮ್ಮೆ ನೆನಪು ಮಾಡಿಕೊಳ್ಳಿ...